ನನ್ನ ಸೊಸೆ ಮೈಕ್ ಹಿಡಿದ ಭಾನುವಾರ

ಬರ್ಕೋ ಕೂಸೇ. ಮೊದಲೇ ಹೇಳ್ಬಿಡ್ತೀನಿ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಳಿಸ್ಕೋಬೇಕು ಅನ್ನೋ ಆಸೆಯೂ ಇಲ್ಲ. ನೋಡೋಕೆ ಬರೋರೆಲ್ಲ ಹೇಳ್ತಾರೆ, "ವಯಸ್ಸಾಯ್ತು, ಕ್ಷಮಿಸ್ಬಿಡಿ ಅಜ್ಜಿ, ಮನಸ್ಸು ಹಗುರ ಆಗುತ್ತೆ" ಅಂತ. ಹಗುರ ಮಾಡ್ಕೊಂಡು ನಾನೇನು ಗಾಳಿಪಟ ಆಗ್ಬೇಕಾ? ಕ್ಷಮಿಸೋದು ಬಿಡೋದು ನನಗೂ ದೇವರಿಗೂ ಸೇರಿದ ಮಾತು. ಮಧ್ಯೆ ಇವರ್ಯಾರು ದಲ್ಲಾಳಿಗಳು?

ಇದು ನಿನ್ನ ಅತ್ತೆ ಕಥೆ. ನನ್ನ ಸೊಸೆದು. ಅವಳನ್ನ ಕೇಳೇ ಬರೆಸ್ತಾ ಇದ್ದೀನಿ. "ಬರೆಸಿ ಅತ್ತೆ, ನನ್ನಂಥೋರು ಇನ್ನೂ ಎಷ್ಟು ಜನ ಆ ಕುರ್ಚಿಗಳಲ್ಲಿ ಕೂತಿದ್ದಾರೋ. ಆದ್ರೆ ನನ್ನ ದೊಡ್ಡ ವೀರನಾರಿ ಮಾಡ್ಬೇಡಿ, ಆವತ್ತು ಕಾಲು ಹೇಗೆ ನಡುಗ್ತಿತ್ತು ಅಂತ ನನಗೆ ಗೊತ್ತು" ಅಂದ್ಲು. ಸರಿ, ಮಾಡಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ.

ಅವಳ ಕೆಲಸ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ. ಮೇಲೆ ಗಾಜು, ಹೂಕುಂಡ, ಬಾಗಿಲು ತೆಗೆಯೋಕೇ ಒಬ್ಬ ಆಳು. ಕೆಳಗೆ ನೆಲಮಾಳಿಗೇಲಿ ಇವರು. ಒಂದ್ಸಲ ಡಬ್ಬಿ ಮರೆತು ಹೋಗಿದ್ಲು ಅಂತ ಕೊಡೋಕೆ ಹೋಗಿದ್ದೆ. ಅಬ್ಬಬ್ಬಾ ಆ ಹಬೆ! ಕನ್ನಡಕ ಮಂಜಾಗಿ ಏನೂ ಕಾಣಲ್ಲ, ಮಿಷಿನ್ ಸದ್ದಿಗೆ ಏನೂ ಕೇಳಲ್ಲ. ಎದುರಿಗೆ ಸಿಕ್ಕ ಕೈಗೆ ಡಬ್ಬಿ ಕೊಟ್ಟು "ಪೂರ್ತಿ ತಿನ್ನು, ಉಳಿಸ್ಕೊಂಡು ಬಂದ್ರೆ ನೋಡು" ಅಂತ ಗದರಿಸಿ ಬಂದೆ. ಆಮೇಲೆ ಗೊತ್ತಾಯ್ತು, ಅದು ಮ್ಯಾನೇಜರ್ ಕೈ ಅಂತೆ. ಆ ಪುಣ್ಯಾತ್ಮ ಪೂರ್ತಿ ತಿಂದ್ನಂತೆ ಕೂಡ.

ಅಲ್ಲಿ ಒಂದು ದೊಡ್ಡ ರೋಲರ್ ಇದೆ. ಒಗೆದ ಬೆಡ್‌ಶೀಟು ಆ ಕಡೆಯಿಂದ ಒಳಗೆ ಹೋಗಿ ಈ ಕಡೆ ಇಸ್ತ್ರಿಯಾಗಿ ಬಿಸಿಬಿಸಿ ಹೊರಗೆ ಬರುತ್ತೆ. ಈ ಕಡೆ ಇಬ್ಬರು ನಿಂತಿರ್ತಾರೆ. ಅಷ್ಟು ದೊಡ್ಡ ಶೀಟನ್ನ ಒಬ್ಬರೇ ಮಡಚೋಕಾಗಲ್ಲ ನೋಡು. ಎರಡು ಮೂಲೆ ಇವಳು, ಎರಡು ಮೂಲೆ ಅವಳು. ಜಾಡಿಸಿ, ಎಳೆದು, ಎದುರುಬದುರು ನಡೆದು ಬಂದು ಒಬ್ಬಳು ತನ್ನ ಮೂಲೆ ಇನ್ನೊಬ್ಬಳ ಕೈಗೆ ಕೊಡಬೇಕು. ಆಗ ಬೆರಳಿಗೆ ಬೆರಳು ತಾಗುತ್ತೆ, ಮುಖಕ್ಕೆ ಮುಖ ಬರುತ್ತೆ. ಮತ್ತೆ ಬಗ್ಗಿ ಕೆಳಗಿನ ಮಡಿಕೆ ಹಿಡ್ಕೊಂಡು ಹಿಂದಕ್ಕೆ ನಡೀಬೇಕು. ದಿನವಿಡೀ ಇದೇ. "ನಮ್ಮದು ಡ್ಯಾನ್ಸು ಅತ್ತೆ, ಸಂಬಳ ಕೊಡ್ತಾರೆ ಅಷ್ಟೇ" ಅಂತಿದ್ಲು. ಅಲ್ಲಿ ಎಲ್ಲರೂ ಅವಳನ್ನ ರೇಡಿಯೋ ಅಂತ ಕರೀತಿದ್ರು, ಬಾಯಿ ಮುಚ್ಚಿದ್ದೇ ಇಲ್ಲ ಅಂತ. ಆ ಮಿಷಿನ್ ಸದ್ದಿನ ಮೇಲೂ ಅವಳ ಮಾತು ಕೇಳಿಸ್ತಿತ್ತಂತೆ.

ಅವಳ ಎದುರಿಗೆ ಶೀಟು ಹಿಡಿಯೋಳು ಒಬ್ಬಳು, ಉದ್ದಕ್ಕ ಅಂತ. ಹೆಸರಿಗೆ ತಕ್ಕ ಹಾಗೆ ಬಾಗಿಲ ಚೌಕಟ್ಟಿಗೆ ತಲೆ ತಾಗೋಷ್ಟು ಎತ್ತರ. ನನ್ನ ಸೊಸೆ ಕುಳ್ಳಿ. ಇವರಿಬ್ಬರೂ ಹಿಡಿದ ಶೀಟು ಯಾವಾಗಲೂ ಇವಳ ಕಡೆಗೇ ಜಾರೋದು. ಉದ್ದಕ್ಕ ಕೆಟ್ಟವಳೇನಲ್ಲ, ಅದನ್ನೂ ಬರ್ಕೋ. ಗಂಡ ಪಾರ್ಶ್ವವಾಯು ಹೊಡೆದು ಮಲಗಿದ್ದ. ಆ ಸಂಕಟಕ್ಕೇ ಅವಳು ಒಂದು ಪ್ರಾರ್ಥನೆ ಸಭೆ ಸೇರಿದ್ದು. ನನ್ನ ಮಗ ಸೊಸೇನ ಅಲ್ಲಿಗೆ ಕರ್ಕೊಂಡು ಹೋಗಿದ್ದೂ ಅವಳೇ.

ಸಭೆ ಇದ್ದದ್ದು ಫರ್ನಿಚರ್ ಅಂಗಡಿ ಮೇಲಿನ ಹಾಲಲ್ಲಿ. ಕೆಳಗೆ ಸೋಫಾ, ಮೇಲೆ ಸ್ತೋತ್ರ. ಪ್ಲಾಸ್ಟಿಕ್ ಕುರ್ಚಿ ಸಾಲು, ಮುಂದೆ ವೇದಿಕೆ, ಆಳೆತ್ತರದ ಸ್ಪೀಕರ್. ಅಷ್ಟು ಚಿಕ್ಕ ಹಾಲಿಗೆ ಅಷ್ಟು ದೊಡ್ಡ ಸ್ಪೀಕರ್ ಯಾಕಪ್ಪಾ ಅಂತ ನಾನು ಮೊದಲ ಸಲ ಹೋದಾಗಲೇ ಕೇಳ್ದೆ. ನನ್ನ ಮಗ, ಅಂದ್ರೆ ನಿನ್ನ ಮಾವ, "ಸುಮ್ನಿರಮ್ಮ" ಅಂದ. ನಾನು ಮತ್ತೆ ಹೋಗಲಿಲ್ಲ. ನನಗೆ ನಮ್ಮ ಬೀದಿ ಕೊನೆಯ ಹಳೇ ಚರ್ಚೇ ಸಾಕು. ಅಲ್ಲಿನ ಮುದಿ ಪಾಸ್ಟರು ಪ್ರಸಂಗದ ಮಧ್ಯೆ ತಾವೇ ತೂಕಡಿಸ್ತಾರೆ. ತೂಕಡಿಸಲಿ ಬಿಡು, ತೂಕಡಿಸೋ ಕುರುಬ ಕುರಿ ತಿನ್ನಲ್ಲ.

ಮೊದಮೊದಲು ಚೆನ್ನಾಗೇ ಇತ್ತು. ಸುಳ್ಳು ಯಾಕೆ ಹೇಳಲಿ? ನಿನ್ನ ಮಾವ ಲಿಫ್ಟ್ ರಿಪೇರಿ ಮಾಡುವಾಗ ಜಾರಿ ಕಾಲು ಮುರ್ಕೊಂಡಾಗ ಸಭೆಯೋರು ಸರದಿ ಹಾಕಿ ಊಟ ತಂದ್ಕೊಟ್ರು, ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ್ರು. ನನ್ನ ಮಗ ಬೆಣ್ಣೆ ಮನುಷ್ಯ, ಸ್ವಲ್ಪ ಬೆಚ್ಚಗಾದ್ರೆ ಸಾಕು, ಕರಗಿಬಿಡ್ತಾನೆ. ಗಾಳಕ್ಕೆ ಹುಳ ಸಿಕ್ಕಿಸದೆ ಯಾವ ಮೀನು ಬಿದ್ದೀತು ಹೇಳು?

ಆಮೇಲೆ ಒಂದೊಂದೇ ಶುರುವಾಯ್ತು. ನೆಂಟರ ಮದುವೆಗೆ ಹೋಗೋಕೆ ಆ ಸಭೆಯ ಪಾಸ್ಟರನ್ನ ಕೇಳ್ಬೇಕು. ಮನೆ ಬದಲಾಯಿಸೋಕೆ ಕೇಳ್ಬೇಕು. ಇವಳು ಲಾಂಡ್ರಿಯಲ್ಲಿ ಸೂಪರ್‌ವೈಸರ್ ಪರೀಕ್ಷೆಗೆ ಕೂತ್ಕೋತೀನಿ ಅಂದಾಗ, "ಪ್ರಾರ್ಥನೆ ಮಾಡಿ ಹೇಳ್ತೀನಿ" ಅಂದ, ಒಂದು ವಾರ ಬಿಟ್ಟು "ಕರ್ತನು ಬೇಡ ಅಂದ" ಅಂದ. "ನಾನು ನಿಮ್ಮ ಹೊದಿಕೆ. ನನ್ನಿಂದ ಆಚೆ ಕಾಲಿಟ್ರೆ ಸೈತಾನನ ಬಾಯಿ" ಅಂತ ವಾರವಾರ ಹೇಳೋನು. ಕರ್ತನ ಅಭಿಷಿಕ್ತನನ್ನು ಮುಟ್ಟಬೇಡಿ ಅಂತ ಬೇರೆ. ಯಾರು ಮುಟ್ಟೋಕೆ ಹೋಗಿದ್ರು ಇವನನ್ನ? ಕೈ ತೊಳ್ಕೋಬೇಕಾಗುತ್ತೆ!

ಇನ್ನೊಂದು ಇತ್ತು. ಇದನ್ನ ಸರಿಯಾಗಿ ಬರ್ಕೋ, ಕಥೆಯ ಬೇರು ಇದೇ. ಪ್ರಾರ್ಥನೆ ವಿಷಯ ಅಂತ. ವಾರದ ಮಧ್ಯೆ ಹೆಂಗಸರೆಲ್ಲ ಅವನ ಹೆಂಡತಿ ಪಾಸ್ಟರಮ್ಮನ ಹತ್ರ ಕೂತು ತಮ್ಮ ಕಷ್ಟ ಹೇಳ್ಕೋಬೇಕು. ತಮ್ಮದು ಮಾತ್ರ ಅಲ್ಲ, "ಬಲಹೀನರಾಗಿರೋ ಸಹೋದರಿಯರ" ಕಷ್ಟವನ್ನೂ ಹೇಳ್ಬೇಕು, ಪ್ರೀತಿಯಿಂದ. ಚಾಡಿ ಅಂದ್ರೆ ಪಾಪ, ಪ್ರಾರ್ಥನೆ ವಿಷಯ ಅಂದ್ರೆ ಪ್ರೀತಿ! ಭಾನುವಾರ ಬಂದ್ರೆ ಪಾಸ್ಟರು ಕಣ್ಮುಚ್ಚಿ, ಕೈ ಮೇಲೆತ್ತಿ, "ಕರ್ತನು ನನಗೆ ತೋರಿಸ್ತಾ ಇದ್ದಾನೆ... ಇಲ್ಲೊಬ್ಬ ಸಹೋದರಿ..." ಅಂತ ಶುರು ಮಾಡೋನು. ಜನ ಗಡಗಡ ನಡುಗೋರು. ನನ್ನ ಮಗ ಮನೆಗೆ ಬಂದು "ಅಮ್ಮ, ಅವರಿಗೆ ಎಲ್ಲ ಗೊತ್ತಾಗುತ್ತಮ್ಮ" ಅನ್ನೋನು. "ನಮ್ಮ ಬೀದಿ ಹಾಲಿನವಳಿಗೂ ಎಲ್ಲ ಗೊತ್ತಾಗುತ್ತೆ ಕಣೋ, ಅವಳ ಕಾಲಿಗೆ ಬೀಳ್ತೀಯಾ?" ಅಂತ ನಾನು. ಊಟ ಬಿಟ್ಟು ಎದ್ದು ಹೋದ.

ಇಂಥದ್ರಲ್ಲಿ ಸೊಸೆ ಬಸುರಿಯಾದ್ಲು. ಮದುವೆಯಾಗಿ ಎಷ್ಟೋ ಕಾಲದ ಮೇಲೆ. ಡಾಕ್ಟರಮ್ಮ ನೋಡಿ, "ರಕ್ತ ಕಮ್ಮಿ ಇದೆ, ಹೊತ್ತು ಹೊತ್ತಿಗೆ ತಿನ್ನಬೇಕು, ಮೊಟ್ಟೆ ತಿನ್ನಿ" ಅಂದ್ರು. ಅದೇ ಸಮಯಕ್ಕೆ ಸಭೆಯಲ್ಲಿ ದೊಡ್ಡ ಉಪವಾಸ ಪ್ರಾರ್ಥನೆ ಶುರುವಾಯ್ತು, ಹೊಸ ಹಾಲ್ ಸಿಗಲಿ ಅಂತ. ಹೊತ್ತು ಮುಳುಗೋವರೆಗೂ ಬಾಯಿಗೆ ನೀರು ಬಿಟ್ಟು ಏನೂ ಹೋಗಬಾರದು. ಬಸುರಿಯರು? "ನಂಬಿಕೆ ಇರೋರಿಗೆ ಗರ್ಭ ಅಡ್ಡ ಬರಲ್ಲ" ಅಂದ್ನಂತೆ. ಅವನೇನು ಹೊತ್ತಿದ್ನಾ ಹೆತ್ತಿದ್ನಾ! ಹೊಟ್ಟೆ ಅಂತ ಇದ್ರೆ ಅದು ಅವನಿಗೂ ಇತ್ತು, ಬೆಲ್ಟಿನ ಮೇಲೆ ಬಂದು ಕೂತಿರ್ತಿತ್ತು.

ನಾನು ಸುಮ್ಮನಿರ್ತೀನಾ? ದಿನಾ ಬೆಳಿಗ್ಗೆ ಒಂದು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಅವಳ ಚೀಲಕ್ಕೆ ಹಾಕ್ತಿದ್ದೆ. ಅವಳು ಬೇಡ ಅತ್ತೆ, ಪಾಪ ಬರುತ್ತೆ ಅನ್ನೋಳು. "ಬರಲಿ, ನನ್ನ ಮೇಲೆ ಬರಲಿ, ನಾನು ಸಾಕಷ್ಟು ಅಗಲ ಇದ್ದೀನಿ" ಅನ್ನೋಳು ನಾನು. ಹಸಿವು ತಡೀಲಾರದೆ ಲಾಂಡ್ರಿಯ ಬಟ್ಟೆ ಟ್ರಾಲಿಗಳ ಹಿಂದೆ ನಿಂತು ತಿಂತಿದ್ಲು, ಕಳ್ಳಿ ಹಾಗೆ. ತನ್ನ ಮಗುವಿಗೆ ಒಂದು ತುತ್ತು ಕೊಡೋಕೆ ಕಳ್ಳಿ ಹಾಗೆ!

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಶೀಟು ಹಿಡಿದು ನಿಂತೋಳು ಹಾಗೇ ನಿಂತುಬಿಟ್ಲಂತೆ. "ಉದ್ದಕ್ಕಾ, ಒದೀತಾ ಇಲ್ಲ" ಅಂದ್ಲಂತೆ.

ಹೆಣ್ಣು ಮಗು. ನಾನು ಕೈಯಲ್ಲಿ ಹಿಡ್ಕೊಂಡೆ. ಎಲ್ಲ ಇತ್ತು ಕೂಸೇ, ಉಗುರು ಕೂಡ ಬಂದಿತ್ತು. ಡಾಕ್ಟರಮ್ಮ ಹೊಕ್ಕುಳಬಳ್ಳಿ ತೋರಿಸಿದ್ರು. ನಡುವೆ ಒಂದು ಗಂಟು. ನಾವು ದಾರದಲ್ಲಿ ಹಾಕ್ತೀವಲ್ಲ, ಅಂಥದ್ದೇ, ಬಿಗಿದು ಹೋಗಿತ್ತು. "ಮಗು ಚಿಕ್ಕದಿದ್ದಾಗ ಒಳಗೆ ಈಜಾಡುತ್ತೆ, ಆಗ ಬೀಳೋ ಗಂಟು. ಯಾರೂ ಹಾಕಿದ್ದಲ್ಲ, ಯಾರೂ ತಡೆಯೋಕೂ ಆಗಲ್ಲ" ಅಂದ್ರು. ನೀರು ತರ್ತೀಯಾ ಸ್ವಲ್ಪ.

ಹೂಂ. ಬರ್ಕೋ.

ಮೈ ಸ್ವಲ್ಪ ಗಟ್ಟಿಯಾದ ಮೇಲೆ ಒಂದು ಭಾನುವಾರ ಗಂಡ ಹೆಂಡತಿ ಸಭೆಗೆ ಹೋದ್ರು. ಸಮಾಧಾನ ಸಿಗುತ್ತೆ ಅಂತ ಹೋದ್ರು, ಅಯ್ಯೋ. ಬರುವಾಗ ಅವಳು ಮುಂದೆ, ಇವನು ಹತ್ತು ಮಾರು ಹಿಂದೆ. ಅವಳು ಸೀದಾ ಕೋಣೆಗೆ ಹೋಗಿ ಚಪ್ಪಲಿ ಸಮೇತ ಮಲಗಿಬಿಟ್ಲು. ನಾನು ಇವನ ಕೊರಳಪಟ್ಟಿ ಹಿಡಿದೆ. ಏನಾಯ್ತೋ ಅಂದೆ. ನೆಲ ನೋಡ್ಕೊಂಡು ವಾಕ್ಯ ಒಪ್ಪಿಸೋ ಹಾಗೆ ಹೇಳಿದ. "ಪಾಸ್ಟರಿಗೆ ದರ್ಶನ ಆಯ್ತಂತಮ್ಮ. ಸಭೆಯ ಹೊಟ್ಟೆಯೆಲ್ಲ ಖಾಲಿ ಇದ್ದಾಗ ಒಂದು ಹೊಟ್ಟೆ ತುಂಬಿತ್ತು. ಆ ಹೊಟ್ಟೆಯನ್ನ ಕರ್ತನು ಖಾಲಿ ಮಾಡಿದ. ಹಾಗಂದ್ರು."

ಮಗು ಕಳ್ಕೊಂಡು ಎದೆಹಾಲು ಇನ್ನೂ ನಿಂತಿಲ್ಲ, ಕುಪ್ಪಸದೊಳಗೆ ಬಟ್ಟೆ ಇಟ್ಕೊಂಡು ಕೂತಿರೋ ಹುಡುಗಿಗೆ, ನಾಲ್ಕು ಜನರ ಮುಂದೆ, ಸ್ಪೀಕರಲ್ಲಿ! ನಾಲಿಗೆಗೆ ಎಲುಬಿಲ್ಲ ಸರಿ, ಇವನ ಎದೆಯೊಳಗೆ ಏನಿತ್ತು? ಮಂಡಿ ಚಿಪ್ಪಾ?

ಅವಳು ಕೂತಲ್ಲಿಂದಲೇ "ಇಲ್ಲ ಪಾಸ್ಟರ್, ಡಾಕ್ಟರು ಬಳ್ಳಿ ಗಂಟಾಗಿತ್ತು ಅಂದ್ರು" ಅಂದಳಂತೆ. ಅಷ್ಟೇ ಅಂದಿದ್ದು. ಎದುರು ಮಾತಾಡಿದ್ದಕ್ಕೆ ಮೌನದ ಶಿಸ್ತು ಹಾಕಿದ. ಆ ಸಭೆಯಲ್ಲಿ ಅದೊಂದು ಪದ್ಧತಿ. ಶಿಸ್ತಿಗೆ ಬಿದ್ದೋರ ಜೊತೆ ಸಭೆಯ ಒಬ್ಬರೂ ಮಾತಾಡಬಾರದು, ಗಂಡನೂ ಸೇರಿ. ಎಲ್ಲಿವರೆಗೆ? ಅವಳು ಮುಂದೆ ಬಂದು ಮೈಕ್ ಹಿಡಿದು, "ನನ್ನ ಅವಿಧೇಯತೆಯಿಂದ ನನ್ನ ಮಗು ಸತ್ತಿತು" ಅಂತ ಸಾಕ್ಷಿ ಹೇಳೋವರೆಗೆ.

ಮತ್ತೆ ನನ್ನ ಮಗ, ನನ್ನ ಹೊಟ್ಟೇಲಿ ಹುಟ್ಟಿದ ಮಗ, ಅದನ್ನ ಪಾಲಿಸಿದ.

ಊಟಕ್ಕೆ ಕೂತಿದ್ವಿ. ಇವನು ಹೆಂಡತಿ ಪಕ್ಕದಲ್ಲೇ ಕೂತು ನನಗೆ ಹೇಳ್ತಾನೆ, "ಅಮ್ಮ, ಅವಳಿಗೆ ಉಪ್ಪು ಈ ಕಡೆ ಕೊಡೋಕೆ ಹೇಳು."

"ನಾನೇನು ಪೋಸ್ಟ್‌ಮ್ಯಾನಾ?" ಅಂದೆ.

"ಅಮ್ಮ, ಪ್ಲೀಸ್. ನಾನು ಮಾತಾಡಿದ್ರೆ ಅವಳಿಗೇ ಕೆಟ್ಟದ್ದಾಗುತ್ತೆ. ಮುಂದಿನ ಮಗುವಿಗೂ ತೊಂದರೆ ಅಂತ ಹೇಳಿದ್ದಾರೆ."

"ಇರೋ ಹೆಂಡತಿಗೆ ಉಪ್ಪು ಕೊಡು ಅನ್ನೋಕೆ ಬಾಯಿಲ್ಲ, ಮುಂದಿನ ಮಗೂನೂ ಪೋಸ್ಟಲ್ಲೇ ತರಿಸ್ಕೋತೀಯಾ? ಉಪ್ಪಿಲ್ಲದೇ ತಿನ್ನು. ನಿನ್ನ ಜನ್ಮಕ್ಕೆ ಸರಿ ಇರುತ್ತೆ."

ಅವಳು ಉಪ್ಪಿನ ಬಟ್ಟಲು ಎತ್ತಿ ಅವನ ಮುಂದೆ ಇಟ್ಟು ಎದ್ದು ಹೋದ್ಲು. ಇವನು ಅಳ್ತಾ ತಿಂದ. ಅಳಲಿ ಅಂತ ಬಿಟ್ಟೆ. ಅವನಿಗೂ ಮಗು ಹೋಗಿತ್ತು, ನನಗೆ ಗೊತ್ತು. ಆದ್ರೆ ದುಃಖ ಇದೆ ಅಂತ ಹೆಂಡತಿ ಕತ್ತಿನ ಮೇಲೆ ಕಾಲಿಡ್ತಾರಾ?

ಲಾಂಡ್ರಿಯಲ್ಲಿ ಇನ್ನೂ ಘೋರ. ಬೇರೆ ಯಾವ ಕೆಲಸ ಆಗಿದ್ರೂ ದೂರ ದೂರ ಇರಬಹುದಿತ್ತು. ಶೀಟು ಮಡಚೋಕೆ ಎದುರಿಗೆ ಉದ್ದಕ್ಕನೇ ಬೇಕಲ್ಲ! ಬೆಳಗಿಂದ ಸಂಜೆವರೆಗೆ ಎದುರುಬದುರು ನಡೆದು ಬರೋದು, ಬೆರಳಿಗೆ ಬೆರಳು ತಾಗಿಸೋದು, ಮಾತಿಲ್ಲ. ಉದ್ದಕ್ಕ ಇವಳ ಹಣೆ ನೋಡ್ತಿದ್ಲಂತೆ, ಕಣ್ಣು ನೋಡ್ತಿರಲಿಲ್ಲ. ಸೂಪರ್‌ವೈಸರ್ ಬಂದು, "ಏನ್ರೇ ಇದು, ರೇಡಿಯೋ ಕೆಟ್ಟೋಗಿದ್ಯಾ?" ಅಂತ ಕೇಳಿದ್ರೆ ಇಬ್ಬರೂ ಶೀಟು ನೋಡ್ಕೊಂಡು ನಿಂತ್ರಂತೆ. "ಅವಳ ಬೆರಳು ತಣ್ಣಗಿರ್ತಿತ್ತು ಅತ್ತೆ" ಅಂದ್ಲು ನನ್ನ ಹತ್ರ. "ಅಷ್ಟು ಬಿಸಿ ಶೀಟು ಹಿಡಿದ್ರೂ ತಣ್ಣಗೆ."

ನೀನು ಕೇಳ್ಬಹುದು, ಬಿಟ್ಟು ಬರಬಾರದಾಗಿತ್ತಾ ಅಂತ. ಎಲ್ಲರೂ ಕೇಳ್ತಾರೆ. ಎಲ್ಲಿಗೆ ಬರೋದು? ಗಂಡ ಅಲ್ಲಿ, ಸ್ನೇಹಿತೆ ಅಲ್ಲಿ, ದೇವರೂ ಅಲ್ಲೇ ಇದ್ದಾನೆ ಅಂತ ಅವಳ ನಂಬಿಕೆ. ಅವಳು ಕಳ್ಕೊಂಡಿದ್ದು ಒಂದು ಮಗು. ಬಿಟ್ಟು ಬಂದ್ರೆ ಉಳಿದದ್ದೆಲ್ಲ ಹೋಗುತ್ತೆ ಅಂತ ಅವನು ಹೆದರಿಸಿದ್ದ.

ಒಂದು ಶನಿವಾರ ಬೆಳಿಗ್ಗೆ ಅಡುಗೆಮನೇಲಿ ಪಾತ್ರೆ ಸದ್ದಿನ ಮಧ್ಯೆ ಗುನುಗು ಕೇಳಿಸ್ತು. ಹಾಡ್ತಾ ಇದ್ದಾಳೇನೋ ಅಂತ ಖುಷಿಯಾಗಿ ಬಾಗಿಲಲ್ಲಿ ನಿಂತೆ. ಹಾಡಲ್ಲ ಕೂಸೇ. ಲೋಟ ಒಂದನ್ನ ಬಾಯಿ ಮುಂದೆ ಹಿಡ್ಕೊಂಡು, ಅದೇ ಮಾತು ಮತ್ತೆ ಮತ್ತೆ. "ನನ್ನ ಅವಿಧೇಯತೆಯಿಂದ ನನ್ನ ಮಗು... ನನ್ನ ಅವಿಧೇಯತೆಯಿಂದ ನನ್ನ..." ಬಾಯಿಪಾಠ ಮಾಡ್ತಾ ಇದ್ದಾಳೆ!

ಲೋಟ ಕಿತ್ಕೊಂಡು ಬಿಸಾಡಿದೆ. ಗೋಡೆಗೆ ತಾಗಿ ನೆಗ್ಗಿಹೋಯ್ತು.

"ಹೇಳ್ತೀನಿ ಅತ್ತೆ, ಒಂದು ಮಾತು ತಾನೇ. ನಾಳೆ ಹೇಳ್ಬಿಟ್ರೆ ಎಲ್ಲ ಮುಗಿಯುತ್ತೆ. ನಿಮ್ಮ ಮಗ ನನ್ನ ಜೊತೆ ಮಾತಾಡ್ತಾರೆ."

"ಮುಗಿಯಲ್ಲ ಕಣೇ. ಆ ಮಾತು ಒಂದ್ಸಲ ನಿನ್ನ ಬಾಯಿಂದ ಬಂದ್ರೆ ಸಾಯೋವರೆಗೂ ನೀನೇ ಅದನ್ನ ನಂಬ್ತೀಯ. ಕೂಸನ್ನ ನಾನೇ ಕೊಂದೆ ಅಂತ ಬದುಕ್ತೀಯಾ?"

"ತಿಂದಿದ್ದು ನಿಜ ಅಲ್ವಾ? ಪಾಸ್ಟರಿಗೆ ದೇವರು ತೋರಿಸಿದ್ದೂ ನಿಜ. ಇಲ್ಲದಿದ್ರೆ ಹೇಗೆ ಗೊತ್ತಾಯ್ತು? ಟ್ರಾಲಿ ಹಿಂದೆ ನಿಂತಿದ್ದು, ಬಲಗೈಲಿ ಮುಚ್ಚಿಟ್ಕೊಂಡಿದ್ದು, ಬೇಯಿಸಿದ ಆಲೂಗಡ್ಡೆ, ಎಲ್ಲ ಹೇಳಿದ್ರು."

"ಯಾವ ಆಲೂಗಡ್ಡೆ?" ಅಂದೆ ನಾನು.

"ಅದೇ ಅತ್ತೆ, ಕರ್ತನು ತೋರಿಸ್ತಾ ಇದ್ದಾನೆ, ಸಹೋದರಿಯ ಕೈಯಲ್ಲಿ ಬೇಯಿಸಿದ ಆಲೂಗಡ್ಡೆ ಅಂತ..."

"ನಾನು ನಿನಗೆ ಒಂದಿನವೂ ಆಲೂಗಡ್ಡೆ ಕಟ್ಟಿಲ್ಲ. ಕಟ್ಟಿದ್ದು ಮೊಟ್ಟೆ. ನೀನು ತಿಂದಿದ್ದು ಮೊಟ್ಟೆ."

ಅವಳ ಮುಖ ನೋಡ್ಬೇಕಿತ್ತು. ಒದ್ದೆ ಕೈ ಹಾಗೇ ಗಾಳೀಲಿ ನಿಂತಿತ್ತು. ಆಮೇಲೆ ಮೆಲ್ಲಗೆ ಗೋಡೆಗೆ ಒರಗಿ ನೆಲಕ್ಕೆ ಜಾರಿ ಕೂತ್ಲು. "ಅತ್ತೆ... ಆಲೂಗಡ್ಡೆ ಅಂತ ಹೇಳಿದ್ದು ನಾನು."

"ಯಾರಿಗೆ?"

"ಉದ್ದಕ್ಕನಿಗೆ. ಅವಳು ಹಿಂದಿನಿಂದ ಬಂದು ಏನೇ ಅಗೀತಾ ಇದ್ದೀಯಾ ಅಂದ್ಲು. ಮುಷ್ಟಿ ಮುಚ್ಕೊಂಡೆ. ಮೊಟ್ಟೆ ಅಂದ್ರೆ ಉಪವಾಸದಲ್ಲಿ ಔತಣ ಮಾಡ್ದಂಗಾಗುತ್ತೆ ಅಂತ ನಾಚಿಕೆಯಾಯ್ತು. ಆಲೂಗಡ್ಡೆ ಅಂದೆ. ಅವಳೊಬ್ಬಳಿಗೇ ಅತ್ತೆ. ಬೇರೆ ಯಾರಿಗೂ ಅಂದಿಲ್ಲ."

ನಾನು ನಗೋಕೆ ಶುರು ಮಾಡಿದೆ. ಸಿಟ್ಟಿಗೂ ನಗು ಬರುತ್ತೆ ಕೂಸೇ, ನಿನಗೂ ವಯಸ್ಸಾದ್ರೆ ಗೊತ್ತಾಗುತ್ತೆ. "ಕೋಳೀನ ಮಾಡಿದ ದೇವರು, ಗಡ್ಡೇನ ಮಾಡಿದ ದೇವರು! ಎರಡಕ್ಕೂ ವ್ಯತ್ಯಾಸ ಗೊತ್ತಾಗಲಿಲ್ವಾ ಆತನಿಗೆ? ಕನ್ನಡಕ ಬಂದಿದೆಯಾ?"

ಅವಳು ನಗಲಿಲ್ಲ. ಬೆಳಗೆಲ್ಲ ಅಲ್ಲೇ ಕೂತಿದ್ಲು. ಅವಳ ತಲೇಲಿ ಹಳೇದೆಲ್ಲ ಒಂದೊಂದೇ ಬರ್ತಿತ್ತು. ಒಬ್ಬ ಹೆಂಗಸಿನ ಗಂಡ ಕುಡೀತಾನೆ ಅಂತ ದರ್ಶನ ಬಂದಿತ್ತಲ್ಲ, ಅದನ್ನ ಅವಳು ಪಾಸ್ಟರಮ್ಮನ ಹತ್ರ ಅತ್ಕೊಂಡು ಹೇಳಿದ್ಲು. ಒಂದು ಹುಡುಗಿ ಯಾರನ್ನೋ ಇಷ್ಟಪಟ್ಟಿದ್ದಾಳೆ ಅಂತ ಬಂತಲ್ಲ, ಅದನ್ನ ಅವಳ ಚಿಕ್ಕಮ್ಮ ಹೇಳಿದ್ಲು. ಎಲ್ಲ ಹೆಂಗಸರ ಕಣ್ಣೀರು. ಅದನ್ನೇ ಬಸಿದು, ಸ್ಪೀಕರಲ್ಲಿ ಹಾಕಿ, ಅವರ ಮೇಲೇ ಸುರೀತಿದ್ದ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಆದ್ರೂ ನೋಡು, ಕೊನೆಗೆ ಅವಳು ಕೇಳಿದ್ದೇನು ಗೊತ್ತಾ? "ಅವರು ಸುಳ್ಳೇ ಇರಲಿ ಅತ್ತೆ. ಆದ್ರೆ ನಾನು ತಿಂದಿದ್ದಕ್ಕೇ ಮಗು ಹೋಗಿದ್ರೆ?" ಅಷ್ಟು ಆಳಕ್ಕೆ ಮೊಳೆ ಹೊಡೆದಿದ್ದ. ಸುತ್ತಿಗೆ ಹಿಡಿದೋನು ಕಳ್ಳ ಅಂತ ಗೊತ್ತಾದ ಮಾತ್ರಕ್ಕೆ ಮೊಳೆ ತಾನಾಗೇ ಈಚೆ ಬರಲ್ಲ.

ಆವತ್ತೇ ಮಧ್ಯಾಹ್ನ ಅವಳನ್ನ ಎಳ್ಕೊಂಡು ಡಾಕ್ಟರಮ್ಮನ ಹತ್ರ ಹೋದೆ. ಸಾಲಲ್ಲಿ ಕೂತು, ನಮ್ಮ ಸರದಿ ಬಂದಾಗ ನಾನೇ ಕೇಳ್ದೆ, ಅವಳ ಬಾಯಿ ಏಳ್ತಾ ಇರಲಿಲ್ಲ. ಡಾಕ್ಟರಮ್ಮ ಮೊದಲು ನನ್ನ ಮುಖ ನೋಡಿದ್ರು, ಯಾವ ಲೋಕದೋರು ಇವರು ಅನ್ನೋ ಹಾಗೆ. ಆಮೇಲೆ ಕುರ್ಚಿ ಎಳ್ಕೊಂಡು ಅವಳ ಪಕ್ಕ ಕೂತ್ರು. "ಊಟಕ್ಕೂ ಆ ಗಂಟಿಗೂ ಯಾವ ಸಂಬಂಧವೂ ಇಲ್ಲಮ್ಮ. ನೀವು ತಿಂದಿದ್ದು ಮಗುವಿಗೆ ಸೇರಿತು. ಅದು ಇದ್ದಷ್ಟು ದಿನ ನೀವು ಅದನ್ನ ಹಸಿವಲ್ಲಿ ಇಟ್ಟಿರಲಿಲ್ಲ" ಅಂದ್ರು. ಆಗ ಅತ್ಲು. ಮಗು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಹೊರಗೆ ಕೂತಿದ್ದ ಬಸುರಿಯರೆಲ್ಲ ಹೆದರಿಹೋದ್ರು, ಪಾಪ.

ಭಾನುವಾರ ನಾನೂ ಹೊರಟೆ. ನಿನ್ನ ಮಾವ ಬಾಗಿಲಲ್ಲಿ ನಿಂತು "ನೀನ್ಯಾಕಮ್ಮ?" ಅಂದ. "ಫರ್ನಿಚರ್ ನೋಡೋಕೆ" ಅಂದೆ.

ಹಾಲ್ ತುಂಬಾ ಜನ. ರೇಡಿಯೋ ಇವತ್ತು ಶರಣಾಗ್ತಾಳೆ ಅಂತ ಎಲ್ಲರಿಗೂ ಸುದ್ದಿ ಹೋಗಿತ್ತು. ಉದ್ದಕ್ಕ ಮುಂದಿನ ಸಾಲಲ್ಲೇ ಇದ್ಲು. ಪಾಸ್ಟರು ಇವಳನ್ನ ಮುಂದೆ ಕರೆದು, ತಲೆ ಮೇಲೆ ಕೈ ಇಟ್ಟು, "ಕಳೆದುಹೋದ ಕುರಿ ಸಿಕ್ಕಿದೆ" ಅಂತ ಮೈಕ್ ಕೊಟ್ಟ. ಜನ ಹಲ್ಲೆಲೂಯ ಅಂದ್ರು. ಅವಳ ಸೀರೆ ನೆರಿಗೆ ನಡುಗೋದು ನನಗೆ ಹಿಂದಿನ ಸಾಲಿಂದ ಕಾಣ್ತಿತ್ತು.

"ಪಾಸ್ಟರ್, ಕರ್ತನು ನಿಮಗೆ ಏನು ತೋರಿಸಿದ? ಇನ್ನೊಂದ್ಸಲ ಹೇಳಿ. ನಾನು ಸರಿಯಾಗಿ ಒಪ್ಕೋಬೇಕು" ಅಂದ್ಲು.

ಅವನಿಗೆ ಅದೇ ಬೇಕಿತ್ತು. ಕಣ್ಮುಚ್ಚಿದ. "ಬಟ್ಟೆಗಳ ರಾಶಿ ಹಿಂದೆ, ಬಲಗೈ ಮುಷ್ಟಿಯಲ್ಲಿ, ಬೇಯಿಸಿದ ಆಲೂಗಡ್ಡೆ."

"ಆಲೂಗಡ್ಡೆನೇನಾ? ಖಂಡಿತವಾ?"

"ಮನುಷ್ಯನ ಕಣ್ಣು ತಪ್ಪಬಹುದು ಸಹೋದರಿ. ಕರ್ತನ ದರ್ಶನ ತಪ್ಪಲ್ಲ."

"ನಾನು ತಿಂದಿದ್ದು ಮೊಟ್ಟೆ" ಅಂದ್ಲು. "ನಮ್ಮತ್ತೆ ಬೇಯಿಸಿ ಕೊಟ್ಟಿದ್ದು, ಅವರು ಅಲ್ಲೇ ಕೂತಿದ್ದಾರೆ, ಕೇಳಿ. ಆಲೂಗಡ್ಡೆ ಅಂತ ನಾನು ಒಬ್ಬರಿಗೆ ಸುಳ್ಳು ಹೇಳಿದ್ದೆ. ದೇವರಿಗೆ ಹೇಳಿರಲಿಲ್ಲ. ನನ್ನ ಸುಳ್ಳು ನಿಮ್ಮ ದರ್ಶನಕ್ಕೆ ಹೇಗೆ ಬಂತು ಪಾಸ್ಟರ್?"

ಎಲ್ಲೋ ಒಬ್ಬ ಹೆಂಗಸು ಕಿಸಕ್ಕಂತ ನಕ್ಕು ಬಾಯಿ ಮುಚ್ಕೊಂಡ್ಲು. ಪಾಸ್ಟರು ಕಣ್ಣು ಬಿಟ್ಟ. ಸ್ಪೀಕರ್ ಹತ್ರ ನಿಂತೋನಿಗೆ ಕೈಸನ್ನೆ ಮಾಡಿದ, ಮೈಕ್ ಸತ್ತುಹೋಯ್ತು. ಪಾಸ್ಟರಮ್ಮ ಜೋರಾಗಿ ಸ್ತೋತ್ರ ಎತ್ತಿದ್ಲು, ಎಲ್ಲರೂ ಎದ್ದು ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು. ಲಾಂಡ್ರಿ ಮಿಷಿನ್ ಮುಂದೆ ಮಾತಾಡೋಳನ್ನ ಚಪ್ಪಾಳೆಯಿಂದ ಮುಚ್ಚೋಕಾಗುತ್ತಾ? ಮೈಕ್ ಕುರ್ಚಿ ಮೇಲಿಟ್ಟು ಕೂಗಿ ಹೇಳಿದ್ಲು. "ನನ್ನ ಮಗಳು ಬಳ್ಳಿ ಗಂಟು ಬಿದ್ದು ಸತ್ತಳು. ನಾನು ಕೊಲ್ಲಲಿಲ್ಲ. ದೇವರೂ ಕೊಲ್ಲಲಿಲ್ಲ. ನೀವು ಹೊದಿಕೆ ಅಂತೀರಲ್ಲ, ನಾನು ಹೊದಿಕೆ ಒಗೆಯೋ ಕೆಲಸದೋಳು. ಒಗೀದೇ ಇಟ್ಟ ಹೊದಿಕೆ ನಾರುತ್ತೆ."

ಇಳಿದು ಬಂದ್ಲು. ನಾನು ಕೈ ಹಿಡ್ಕೊಂಡೆ, ಮೆಟ್ಟಿಲು ಇಳಿದ್ವಿ.

ಎಲ್ಲರೂ ನಮ್ಮ ಹಿಂದೆ ಎದ್ದು ಬಂದ್ರು ಅಂತ ಬರೀಬೇಡ. ಒಬ್ಬರೂ ಬರಲಿಲ್ಲ. ನನ್ನ ಹೊಟ್ಟೆ ಉರಿಯೋದು ಅಲ್ಲೇ. ಆಲೂಗಡ್ಡೆ ಮಾತು ಎಲ್ಲರೂ ಕೇಳಿಸ್ಕೊಂಡ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ನನ್ನ ಮಗ ಕೂತೇ ಇದ್ದ. ತಲೆ ಮೊಣಕಾಲ ಮಧ್ಯೆ. ಮುಂದಿನ ವಾರ ಪಾಸ್ಟರು "ಸೈತಾನನು ಕರ್ತನ ದರ್ಶನವನ್ನೂ ಕಲಬೆರಕೆ ಮಾಡಬಲ್ಲ" ಅಂತ ಹೊಸ ಪಾಠ ಹೇಳಿದ್ನಂತೆ. ಅದಕ್ಕೂ ಆಮೆನ್ ಅಂದ್ರಂತೆ. ಹೊಸ ಹಾಲ್ ಕೂಡ ಸಿಕ್ಕಿದೆ ಅವನಿಗೆ, ಇದಕ್ಕಿಂತ ದೊಡ್ಡದು. ನನಗೆ ಸಿಟ್ಟು ಯಾಕೆ ಇಳಿದಿಲ್ಲ ಅಂತ ಇನ್ನೂ ಕೇಳೋರನ್ನ ಕರ್ಕೊಂಡು ಬಾ.

ಅವಳು ಅಷ್ಟು ಹೇಳಿ ಬಂದ ಮಾತ್ರಕ್ಕೆ ಗುಣವಾಯ್ತು ಅಂತಲೂ ತಿಳ್ಕೋಬೇಡ. ಬೀದೀಲಿ ಎಲ್ಲಾದ್ರೂ ಸ್ತೋತ್ರದ ಹಾಡು ಕೇಳಿದ್ರೆ ಬೆವರೋಳು. ತಟ್ಟೆ ಮುಂದೆ ಕೂತ್ರೆ ಮೊದಲು ಹಿಂದೆ ತಿರುಗಿ ನೋಡೋಳು, ಯಾರಾದ್ರೂ ನಿಂತಿದ್ದಾರಾ ಅಂತ. ಪ್ರಾರ್ಥನೆ ಅಂದ್ರೆ ಬೇಡವೇ ಬೇಡ. ನಮ್ಮ ತೂಕಡಿಸೋ ಪಾಸ್ಟರು ಒಂದಿನ ಮನೆಗೆ ಬಂದ್ರು. ನಾನು ಎಲ್ಲ ಹೇಳಿದ್ದೆ. ಅವಳು ಕೋಣೆಯಿಂದ ಈಚೆ ಬರಲಿಲ್ಲ. ಅವರು ಬಾಗಿಲ ಹತ್ರ ನಿಂತು, "ಬರ್ಬೇಡಮ್ಮ, ಮಲ್ಕೋ. ಚರ್ಚಿಗೂ ಬರ್ಬೇಡ, ನಿನಗೆ ಬೇಕು ಅನ್ನಿಸೋವರೆಗೂ. ದೇವರಿಗೆ ಮನೆ ಅಡ್ರೆಸ್ ಗೊತ್ತು" ಅಂದು, ಕಾಫಿ ಕುಡಿದು ಹೋದ್ರು. ಮುದುಕನಿಗೆ ಎಚ್ಚರ ಇದ್ದದ್ದು ಅದೊಂದೇ ಸಲ ನಾನು ನೋಡಿದ್ದು.

ಉದ್ದಕ್ಕನ ಮಾತು ಉಳಿದಿದೆ. ಒಂದು ಮಧ್ಯಾಹ್ನ ಶೀಟಿನ ಮೂಲೆ ಕೊಡೋಕೆ ಹತ್ರ ಬಂದೋಳು ಬಿಡಲೇ ಇಲ್ಲವಂತೆ. ಮೂಲೆ ಇಬ್ಬರ ಕೈಲೂ ಇದೆ. "ನಾನೇ ಹೇಳಿದ್ದು. ನಿನಗೆ ಒಳ್ಳೇದಾಗಲಿ ಅಂತ, ಪ್ರಾರ್ಥನೆಗೆ ಅಂತ ಹೇಳಿದ್ದು" ಅಂದ್ಲಂತೆ.

"ಬಿಡು ಶೀಟು. ಹಿಂದೆ ರಾಶಿ ಬೀಳ್ತಿದೆ" ಅಂದ್ಲಂತೆ ನನ್ನ ಸೊಸೆ.

ಸರಿಯಾಗೇ ಅಂದ್ಲು. ಅಷ್ಟು ಬೇಗ ಏನು ತಬ್ಬಿಕೊಳ್ಳೋದು? ಹಾಗೇ ಕೆಲವು ಶೀಟು ಮಡಚಿದ ಮೇಲೆ ಇವಳೇ ಕೇಳಿದ್ಲಂತೆ, "ನಿನ್ನ ಗಂಡನ ಕಾಯಿಲೆಗೆ ಏನು ಕಾರಣ ಹೇಳಿದ್ದಾನೆ ನಿನಗೆ?" ಅಂತ. ಉದ್ದಕ್ಕ ಶೀಟು ಮುಖಕ್ಕೆ ಒತ್ಕೊಂಡು ನಿಂತುಬಿಟ್ಲಂತೆ. ಮದುವೆಗೆ ಮುಂಚೆ ಯಾರನ್ನೋ ಇಷ್ಟಪಟ್ಟಿದ್ದಕ್ಕೆ ಗಂಡನಿಗೆ ಪಾರ್ಶ್ವವಾಯು ಬಂತು ಅಂತ ಹೇಳಿದ್ನಂತೆ! ಅವಳು ಇನ್ನೂ ಅಲ್ಲಿಗೆ ಹೋಗ್ತಾಳೆ, ಒಂದು ವಾರ ಹೋದ್ರೆ ಒಂದು ವಾರ ಇಲ್ಲ. ಪಾಸ್ಟರಮ್ಮನ ಹತ್ರ ಮಾತ್ರ ಈಗ ಬಾಯಿ ಬಿಡಲ್ಲವಂತೆ.

ಇನ್ನು ನಿನ್ನ ಮಾವ. ಆ ಭಾನುವಾರದ ಮೇಲೂ ಎಷ್ಟೋ ದಿನ ಅವನು ಬಾಯಿ ಬಿಡಲಿಲ್ಲ. ಶಿಸ್ತಿಗೆ ಅಂತಲ್ಲ, ಯಾವ ಮಾತಿಂದ ಶುರು ಮಾಡ್ಬೇಕು ಅಂತ ಗೊತ್ತಿರಲಿಲ್ಲ. ಸಭೆಗೂ ಹೋಗ್ತಿರಲಿಲ್ಲ, ಭಾನುವಾರ ಬಂದ್ರೆ ಬೆಳಗೆಲ್ಲ ಸ್ಪ್ಯಾನರ್‌ಗಳನ್ನ ಒರೆಸಿ ಒರೆಸಿ ಜೋಡಿಸ್ತಿದ್ದ. ಒಂದಿನ ತಿಂಡಿಗೆ ಕೂತಾಗ, "ನೀನು... ಚೆನ್ನಾಗಿದ್ದೀಯಾ?" ಅಂದ.

ಅವಳು ಕೈ ನಿಲ್ಲಿಸಿದ್ಲು. "ರೀ, ಅದೆಲ್ಲ ಬೇಡ. ಒಂದು ಮಾತು ಹೇಳಿ. ಮಗೂನ ನಾನು ಕೊಂದ್ನಾ?"

"ನಂಗೊತ್ತು, ನೀನು..."

"ಗೊತ್ತು ಅನ್ನೋದು ಬೇಡ. ನಿಮ್ಮ ಮುಂದೆ ಅವನು ಅದನ್ನ ಬಾಯಿಬಿಟ್ಟು ಹೇಳಿದ. ನೀವೂ ಬಾಯಿಬಿಟ್ಟು ಹೇಳಿ."

ನಾನು ಎದ್ದು ಹೋಗ್ಬೇಕಿತ್ತು. ಹೋಗಲಿಲ್ಲ. ಕೂತೇ ಇದ್ದೆ, ತಿಂತಾ ಇರೋ ಹಾಗೆ ನಟಿಸ್ತಾ. ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ನೀನು ಕೊಲ್ಲಲಿಲ್ಲ" ಅಂದ. "ನಮ್ಮ ಮಗಳನ್ನ ನೀನು ಕೊಲ್ಲಲಿಲ್ಲ. ಆವತ್ತು ಎದ್ದು ನಿಂತು ಇದನ್ನ ನಾನು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಅಂದ್ಲು ಅವಳು. ತಟ್ಟೆ ಎತ್ಕೊಂಡು ಏಳ್ತಾ, "ನಾಳೆನೂ ಹೇಳಿ" ಅಂದ್ಲು.

ಹೇಳ್ತಾನೆ. ಬೂಟು ಹಾಕ್ಕೊಂಡು ಕೆಲಸಕ್ಕೆ ಹೊರಡೋ ಮುಂಚೆ ಬಾಗಿಲಲ್ಲಿ ನಿಂತು ಹೇಳ್ತಾನೆ. ಕೆಲವು ದಿನ ಅವಳು "ಹೂಂ" ಅಂತಾಳೆ. ಕೆಲವು ದಿನ ಕೇಳಿಸಿದ್ರೂ ಕೇಳಿಸದ ಹಾಗೆ ಪಾತ್ರೆ ತೊಳೀತಾ ಇರ್ತಾಳೆ, ಆಗ ಅವನು ಹೋಗಲ್ಲ, ಒಳಗೆ ಬಂದು ಹತ್ರ ನಿಂತು ಇನ್ನೊಂದ್ಸಲ ಹೇಳ್ತಾನೆ. ಕೆಲಸಕ್ಕೆ ತಡವಾಗುತ್ತೆ. ಆಗಲಿ.